ಕಣ್ಣು ಮುಚ್ಚದ ಕಾರು

ಲೀಲಾಧರನ ಕಾರಿನಲ್ಲಿ ಹಗಲು ಹೊತ್ತಿನಲ್ಲೂ ದೀಪ ಉರಿಯುತ್ತಿತ್ತು, ಮತ್ತು ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಕೀಲಿ ತಿರುಗಿಸಿ ಎಂಜಿನ್ ಚಾಲೂ ಮಾಡಿದ ಕೂಡಲೇ ಮುಂದಿನ ಎರಡು ಮೂಲೆಗಳಲ್ಲಿ ಬೆಳ್ಳಗಿನ ದೀಪ ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಎಂಜಿನ್ ನಿಲ್ಲಿಸಿದರೆ ತಾನಾಗಿ ಆರುತ್ತಿತ್ತು. ನಡುವೆ ಮನುಷ್ಯ ಪ್ರಯತ್ನಕ್ಕೆ ಜಾಗವೇ ಇರಲಿಲ್ಲ.

"ಇದಕ್ಕೆ ಡಿ.ಆರ್.ಎಲ್. ಅಂತಾರೆ. ಡೇಟೈಮ್ ರನ್ನಿಂಗ್ ಲೈಟ್. ಹಗಲಲ್ಲೂ ಎದುರಿನವ್ರಿಗೆ ನಿಮ್ಮ ಗಾಡಿ ಕಾಣ್ಬೇಕಂತ ಕಂಪೆನಿಯವ್ರೇ ಇಟ್ಟದ್ದು. ಫಾರಿನ್ನಲ್ಲಿ ಇದಿಲ್ಲದ ಕಾರು ರಸ್ತೆಗೇ ಇಳಿಯೂದಿಲ್ಲ" ಎಂದು ಬ್ರಹ್ಮಾವರದ ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರಿ ಹೇಳಿದ್ದ. ಲೀಲಾಧರ ಎರಡನೆಯ ಮಾತಾಡದೆ ಕಾರು ತಂದು ಕುಂದಾಪುರ ಕೋಡಿಯ ತನ್ನ ಮನೆಯೆದುರು ನಿಲ್ಲಿಸಿದ್ದ. ವ್ಯಾಪಾರಿ ಫಾರಿನ್ನಿನ ಸುದ್ದಿ ಹೇಳಿದ್ದನೇ ಹೊರತು ಕುಂದಾಪುರ ತಾಲೂಕಿನ ಸುದ್ದಿ ಹೇಳಿರಲಿಲ್ಲ.

ಕಾರು ಬೇಕಾಗಿದ್ದದ್ದು ಹೆಂಡತಿ ಪದ್ದುವಿಗಾಗಿ. ನಾಲ್ಕು ತಿಂಗಳ ಹಿಂದೆ ವಂಡ್ಸೆಯ ಒಂದು ಮದುವೆಗೆ ಹೊರಟಿದ್ದಾಗ ಲೀಲಾಧರನ ಬೈಕು ಹೆಮ್ಮಾಡಿಯಲ್ಲಿ ಕೈಕೊಟ್ಟಿತು. ರೇಷ್ಮೆ ಸೀರೆ ಉಟ್ಟ ಪದ್ದು ಎರಡು ಗಂಟೆ ಕಾಲ ರಸ್ತೆ ಬದಿಯಲ್ಲಿ ನಿಂತಳು. ಹೋಗಿ ಬರುವ ನೆಂಟರೆಲ್ಲ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ "ಎಂತ ಪದ್ದು, ಇಲ್ಲ್ ನಿಂತ್ಕಂಡದ್ದ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಇಬ್ಬರೂ ಮದುವೆ ಮನೆ ಮುಟ್ಟುವಾಗ ಕೊನೆಯ ಪಂಕ್ತಿಯವರು ಕೈ ತೊಳೆಯುತ್ತಿದ್ದರು. ಪದ್ದು ಅಲ್ಲಿಯೇ, ಆ ನಲ್ಲಿಯ ಬುಡದಲ್ಲಿಯೇ ಹೇಳಿದಳು: "ನೀವ್ ಕಾರ್ ತಕಂಡ್ ಬನ್ನಿ, ನಿಮ್ ಜತಿ ಬತ್ತೆ. ಅಲ್ಲಿವರಿಗ್ ನಾನ್ ಅಬ್ಬಿ ಮನಿಯಂಗೇ ಇರ್ತೆ." ಹೇಳಿದವಳೇ ತಾಯಿ ಅಮ್ಮಣಿಯ ಜತೆ ಬೈಂದೂರಿನ ಹತ್ತಿರದ ಯಡ್ತರೆಗೆ ಹೊರಟುಹೋದಳು.

ಎರಡು ದಿನದ ಸಿಟ್ಟು ಎಂದುಕೊಂಡಿದ್ದ ಲೀಲಾಧರ. ಎರಡು ವಾರವಾಯಿತು, ಎರಡು ತಿಂಗಳಾಯಿತು. ಕೋಡಿಯ ಐಸ್ ಪ್ಲಾಂಟಿನಲ್ಲಿ ಅವನು ಸೂಪರ್‌ವೈಸರ್. ದಿನವಿಡೀ ಮಂಜುಗಡ್ಡೆಯ ನಡುವೆ ಇದ್ದು ಮನೆಗೆ ಬಂದರೆ ಮನೆ ಅದಕ್ಕಿಂತ ತಣ್ಣಗಿರುತ್ತಿತ್ತು. ಅಭ್ಯಾಸಬಲದಿಂದ ಇಬ್ಬರಿಗೆ ಅಕ್ಕಿ ಹಾಕಿ, ಉಳಿದದ್ದನ್ನು ಬೆಳಿಗ್ಗೆ ಗಂಜಿ ಮಾಡಿ ಉಣ್ಣುತ್ತಿದ್ದ. ಪ್ರತಿ ಸಂಜೆ ಪದ್ದುವಿಗೆ ಫೋನು ಮಾಡುತ್ತಿದ್ದ. ಅವಳು ಎತ್ತುತ್ತಿರಲಿಲ್ಲ. ಆದರೂ ಅದು ಕಡೆಯವರೆಗೆ ರಿಂಗಾಗುವುದನ್ನು ಕೇಳುತ್ತಾ ಕೂರುತ್ತಿದ್ದ. ಈ ಶಬ್ದ ಈಗ ಅವಳ ಕಿವಿಗೂ ಬೀಳುತ್ತಿದೆಯಲ್ಲ ಎಂಬುದೇ ಅವನಿಗೊಂದು ಸಮಾಧಾನ. ಗಂಡಸು ಹೆಂಡತಿಯನ್ನು ಇಷ್ಟು ನೆನೆಯಬಹುದೆಂದು ಅವನಿಗೆ ಯಾರೂ ಮೊದಲೇ ಹೇಳಿರಲಿಲ್ಲ.

ಹಾಗೆ ಕಾರು ಬಂತು. ಬಂದ ಮರುದಿನ ಬೆಳಿಗ್ಗೆಯೇ ಪಕ್ಕದ ಮನೆಯ ವಿನಯಾ ಬೇಲಿಯ ಹತ್ತಿರ ಓಡಿ ಬಂದಳು. ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡುವ ವಿನಯಾ ಪದ್ದುವಿನ ಗೆಳತಿ. ಲೀಲಾಧರನ ಫೋನು ಎತ್ತದ ಪದ್ದು ಅವಳ ಜತೆ ದಿನಾ ಅರ್ಧ ಗಂಟೆ ಮಾತಾಡುತ್ತಿದ್ದಳು.

"ಲೀಲಣ್ಣ, ಗೊತ್ತಿತ್ತಾ ನಿಮ್ಗೆ? ಪದ್ದಕ್ಕ ಇವತ್ತ್ ಮೂರ್ ಗಂಟಿ ರೈಲಂಗೆ ಮುಂಬೈಗ್ ಹೋತ್ ಅಂಬ್ರ್. ಅದ್ರ ಅಣ್ಣ ರತನ್ ಅಲ್ಲ್ ಹೊಸ ಹೋಟ್ಲ್ ಮಾಡಿದ್ನಲೆ, ಅಡ್ಗಿ ಕಾಂಬುಕೆ ಜನ ಇಲ್ಲೆ ಅಂಬ್ರ್, ಕರ್ಕಂಡ್ ಹೋಪುಕ್ ಅವ್ನೇ ಬಂದಿದ."

"ಎಷ್ಟ್ ದಿನಕ್ಕೆ?"

"ಮುಂಬೈಗ್ ಹೋದವ್ರ್ ದಿನ ಲೆಕ್ಕ ಹಾಯ್ಕಂಡ್ ಹೋತ್ರಾ?"

ಲೀಲಾಧರ ಮಿಂದ, ಇಸ್ತ್ರಿ ಅಂಗಿ ಹಾಕಿದ, ಐಸ್ ಪ್ಲಾಂಟಿಗೆ ರಜೆ ಹೇಳಿದ. ಹನ್ನೊಂದು ಗಂಟೆಗೆ ಕಾರಿನಲ್ಲಿ ಕೂತ. ಯಡ್ತರೆಗೆ ಮುಕ್ಕಾಲು ಗಂಟೆಯ ದಾರಿ. ಬೇಕಾದರೆ ಎರಡು ಸಲ ಹೋಗಿ ಬರಬಹುದಾದಷ್ಟು ಸಮಯವಿತ್ತು. ಮುಂದಿನ ಎಡಗಡೆಯ ಸೀಟಿಗೆ ಹಾಕಿಸಿದ್ದ ಹೊಸ ಕವರಿನ ಪ್ಲಾಸ್ಟಿಕ್ಕನ್ನು ಅವನು ತೆಗೆದಿರಲಿಲ್ಲ. ಆ ಸೀಟಿನಲ್ಲಿ ಪದ್ದುವಿಗಿಂತ ಮೊದಲು ಯಾರೂ ಕೂರಬಾರದು ಎಂದು ಅವನು ತೀರ್ಮಾನ ಮಾಡಿದ್ದ.

ಕಾರು ಚಾಲೂ ಆಯಿತು, ದೀಪ ಹೊತ್ತಿತು. ಎದುರು ಮನೆಯ ಜಗಲಿಯಿಂದ ಕೂಗು ಬಂತು.

"ಹ್ವಾಯ್ ಲೀಲಾಧರ, ಲೈಟ್ ಆಫ್ ಮಾಡಾ ಮರಾಯಾ! ಹಗಲಂಗೆ ಯಾರಿಗ್ ದಾರಿ ತೋರ್ಸುದ್?"

ಕೃಷ್ಣಯ್ಯ. ಕುಂದಾಪುರ–ಬೈಂದೂರು ದಾರಿಯಲ್ಲಿ ಮೂವತ್ತನಾಲ್ಕು ವರ್ಷ ಖಾಸಗಿ ಬಸ್ಸು ಓಡಿಸಿ ನಿವೃತ್ತರಾದವರು. ಗಾಲಿ ಇರುವ ಯಾವ ವಸ್ತುವಿನ ಬಗೆಗೂ ತಮ್ಮ ಅಪ್ಪಣೆ ಇಲ್ಲದೆ ಯಾರೂ ತೀರ್ಮಾನ ಮಾಡಬಾರದು ಎಂಬುದು ಅವರ ಅಭಿಪ್ರಾಯ. ಲೀಲಾಧರ ಡಿ.ಆರ್.ಎಲ್. ಎಂದರೇನೆಂದು ವಿವರಿಸಿದ. ಕೃಷ್ಣಯ್ಯ ಪೂರ್ತಿ ಕೇಳಿ, "ಹಾಂಗಂದೇಳಿ ಹಾಳ್ ಗಾಡಿ ನಿನ್ಗ್ ಕಟ್ಟಿದ್ರ್" ಎಂದರು. ಬ್ಯಾಟರಿ ಇಳಿದು ಅರ್ಧ ದಾರಿಯಲ್ಲಿ ನಿಲ್ಲುತ್ತದೆ, ಪದ್ದು ಮತ್ತೆ ರಸ್ತೆಯಲ್ಲಿ ನಿಲ್ಲಬೇಕಾಗುತ್ತದೆ ಎಂದೂ ಹೇಳಿದರು. ಆ ಒಂದು ಮಾತಿಗೆ ಲೀಲಾಧರ, ಹಾಗಾದರೆ ಏನು ಮಾಡುವುದೆಂದು ಕೇಳಿದ.

"ದಾರಿ ಮಧ್ಯೆ ನಾವುಂದದಂಗೆ ಸುಜನ್ ಅಂದೇಳಿ ಒಬ್ಬ ಮೆಕ್ಯಾನಿಕ್ ಇದ್ದ. ಎರ್ಡ್ ನಿಮ್ಷದಂಗೆ ಆಫ್ ಮಾಡಿ ಕೊಡ್ತ. ನಂಗೂ ಅಲ್ಲ್ ತಂಗಿ ಮಗ್ಳ ಮನಿಗ್ ಹೋಯ್ಕ್, ನಡಿ ನಾನೂ ಬತ್ತೆ" ಎಂದು ಕೃಷ್ಣಯ್ಯ ಬಂದು ಮುಂದಿನ ಬಾಗಿಲಿಗೆ ಕೈ ಹಾಕಿದರು.

"ಅದ್ ಪದ್ದು ಸೀಟ್, ಕೃಷ್ಣಯ್ಯ. ನೀವ್ ಹಿಂದ್ ಕೂಕಣಿ."

"ಡ್ರೈವರ್ ಆದವ ಹಿಂದ್ ಕೂಕಂಬುದಾ?" ಎಂದು ಗೊಣಗುತ್ತಾ ಕೃಷ್ಣಯ್ಯ ಹಿಂದೆ ಕೂತರು.

ಕಾರು ಪೇಟೆ ಮುಟ್ಟುವ ಮೊದಲೇ ಊರಿನ ಸೇವೆ ಶುರುವಾಯಿತು. ಎದುರಿಗೆ ಬಂದವರೆಲ್ಲ ಕೈ ಎತ್ತಿ, ಐದೂ ಬೆರಳು ಮುಚ್ಚಿ ತೆರೆದು, ಮುಚ್ಚಿ ತೆರೆದು, ಲೈಟು ಉರಿಯುತ್ತಿದೆ ಎಂದು ತೋರಿಸಿದರು. ಆಟೋದವರು ತೋರಿಸಿದರು, ಹಾಲಿನ ವ್ಯಾನಿನವರು ತೋರಿಸಿದರು. ಶಾಲೆಯ ಬಸ್ಸೊಂದರ ಕಿಟಕಿಗಳಿಂದ ಮೂವತ್ತು ಪುಟ್ಟ ಕೈಗಳು ಒಟ್ಟಿಗೇ ಮುಚ್ಚಿ ತೆರೆದವು. ಮೊದಮೊದಲು ಲೀಲಾಧರ ತಲೆಯಾಡಿಸಿ ಗೊತ್ತಿದೆ ಎಂದ. ಆಮೇಲೆ ಕೈಮುಗಿದ. ಆಮೇಲೆ ರಸ್ತೆಯಲ್ಲದೆ ಬೇರೇನನ್ನೂ ನೋಡಬಾರದೆಂದು ನಿಶ್ಚಯಿಸಿದ.

ಸಂಗಮ್ ಸೇತುವೆಯ ಹತ್ತಿರ ಗುರುತಿನ ಮೀನಿನ ವ್ಯಾಪಾರಿಯೊಬ್ಬ ಸ್ಕೂಟರನ್ನು ಕಾರಿನ ಪಕ್ಕಕ್ಕೇ ತಂದ. ಕಡಲಲ್ಲಿ ದೊಡ್ಡ ದೀಪ ಹಾಕಿ ಮೀನು ಹಿಡಿಯುವುದಕ್ಕೆ ನಿಷೇಧವಿರುವುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. "ಎಂತ ಲೀಲಣ್ಣ, ಲೈಟ್ ಹಾಯ್ಕಂಡ್ ಹಿಡುದ್ ಬಂದ್ ಆಯ್ತಲೆ? ನೀವ್ ಯಾವ ಮೀನಿಗ್ ಹೊರಟದ್ದ್?" ಎಂದು ಕೇಳಿ, ತನ್ನ ಮಾತಿಗೆ ತಾನೇ ನಗುತ್ತಾ ಹೋದ.

ಹೆಮ್ಮಾಡಿ ದಾಟಿದ ಮೇಲೆ ಇನ್ನೊಂದು ವಿಚಿತ್ರ ಶುರುವಾಯಿತು. ಎದುರಿಗೆ ಬರುವ ಬೈಕಿನವರು ಅವನ ಕಾರನ್ನು ಕಂಡ ಕೂಡಲೇ ಬದಿಗೆ ನಿಲ್ಲಿಸಿ, ಟ್ಯಾಂಕಿನ ಮೇಲಿಟ್ಟಿದ್ದ ಹೆಲ್ಮೆಟ್ಟು ತೆಗೆದು ತಲೆಗೆ ಹಾಕತೊಡಗಿದರು. ಮೂವರು ಕೂತಿದ್ದ ಬೈಕಿನಿಂದ ಒಬ್ಬ ಕೆಳಗಿಳಿದು ಸಂಬಂಧವೇ ಇಲ್ಲದವನಂತೆ ನಡೆದು ಹೋದ. ಕೆಂಪುಕಲ್ಲು ಹೇರಿಕೊಂಡಿದ್ದ ಲಾರಿಯೊಂದು ಇದ್ದಕ್ಕಿದ್ದಂತೆ ಓಣಿಗೆ ತಿರುಗಿತು. ಹೋಗುವಾಗ ಎಲ್ಲರೂ ಲೀಲಾಧರನಿಗೆ ಒಂದು ಸಲಾಮು ಹೊಡೆದರು.

"ಇವ್ರ್ ಎಂತಕ್ ನಂಗ್ ಸಲಾಮ್ ಹೊಡುದ್?" ಎಂದ ಲೀಲಾಧರ, ಸ್ವಲ್ಪ ಖುಷಿಯಿಂದಲೇ.

ಕೃಷ್ಣಯ್ಯ ಹಣೆ ಬಡಿದುಕೊಂಡರು. "ಮಂಡೆಯಂಗ್ ಬುದ್ಧಿ ಇಲ್ದವ್ನೆ! ಹಗಲಂಗೆ ಲೈಟ್ ಹಾಕಿ ತೋರ್ಸಿದ್ರೆ ನಮ್ ರೂಟಲ್ಲಿ ಅರ್ಥ ಎಂತ? ನಾನ್ ಬಂದ ದಾರಿಯಂಗೆ ಪೊಲೀಸ್ ಚೆಕಿಂಗ್ ಇತ್ತ್, ಹುಷಾರ್ ಅಂದೇಳಿ. ಹೆಮ್ಮಾಡಿ ಮರದಡಿ ಜೀಪ್ ಇದ್ದಿತ್ತ್, ನೀ ಕಾಣ್ಲಿಲ್ಯಾ?"

ಲೀಲಾಧರ ಜೀಪನ್ನು ಕಂಡದ್ದು ಆಮೇಲೆ, ತ್ರಾಸಿಯಲ್ಲಿ. ಅದು ಹಿಂದಿನಿಂದ ಬಂದು, ಅವನನ್ನು ದಾಟಿ, ಅಡ್ಡ ನಿಂತಿತು. ಇಳಿದ ಪೊಲೀಸರು ಬೇರೆ ಸೀಮೆಯವರು.

"ನೀವು ಲೈಟ್ ಹಾಕ್ಕೊಂಡು ದಾಟಿದ ಮೇಲೆ ಹೆಲ್ಮೆಟ್ ಇಲ್ಲದ ಒಂದು ತಲೆ ಬರಲಿಲ್ಲ. ಇಷ್ಟು ಶಿಸ್ತಿನ ಊರು ಇರೋಕೆ ಸಾಧ್ಯಾನೇ ಇಲ್ಲ ಅಂತ ಅನುಮಾನ ಬಂತು ನನಗೆ. ಲೈಟು ಆಫ್ ಮಾಡ್ರಿ."

ಲೀಲಾಧರ ಎಂಜಿನ್ ನಿಲ್ಲಿಸಿದ. ದೀಪ ಆರಿತು.

"ಆಯ್ತಲ್ಲ? ಹಾಗೇ ಹೋಗಿ."

"ಹಾಗೇ ಹೋಪುಕಾತಿಲ್ಲೆ ಸರ್, ಎಂಜಿನ್ ಆಫ್ ಇತ್ತ್."

"ಆನ್ ಮಾಡ್ಕೊಳ್ಳಿ."

ಆನ್ ಮಾಡಿದ. ದೀಪ ಹೊತ್ತಿತು.

"ಮತ್ತೆ ಯಾಕ್ರೀ ಹಾಕಿದ್ರಿ?"

ಇದು ನಾಲ್ಕು ಸಲ ನಡೆಯಿತು. ನಾಲ್ಕನೆಯ ಸಲಕ್ಕೆ ಕೃಷ್ಣಯ್ಯ ಹಿಂದಿನ ಕಿಟಕಿಯಿಂದ ತಲೆ ಹಾಕಿ, "ಸರ್, ಅವ ಪಾಪದವ. ನಾವ್ ಬಸ್ಸಿನವ್ರಾದ್ರೆ ಲೈಟ್ ತೋರ್ಸಿದ್ ಗೊತ್ತೇ ಆಪುಕ್ ಬಿಡ್ತಿರ್ಲಿಲ್ಲೆ" ಎಂದು ಸಹಾಯ ಮಾಡಿದರು. ಪೊಲೀಸರು ಅವರನ್ನೂ ಕೆಳಗಿಳಿಸಿದರು. ಆಮೇಲೆ ಯಾರಿಗೋ ಫೋನು ಮಾಡಿದರು. ಆ ಯಾರೋ ಊಟಕ್ಕೆ ಹೋಗಿದ್ದರು. ಊಟ ಮುಗಿಸಿ ಬಂದು, ವಿಷಯ ಕೇಳಿ, ಅದು ಕಂಪೆನಿಯೇ ಕೊಟ್ಟ ದೀಪ, ಇರಬಹುದು, ಬಿಟ್ಟುಬಿಡಿ ಎಂದರು. ಅಷ್ಟರಲ್ಲಿ ಗಂಟೆ ಒಂದಾಗಿತ್ತು. ಲೀಲಾಧರ ಮೂರು ಗಂಟೆಯಿಂದ ಒಂದನ್ನು ಕಳೆದು, ಉಳಿದ ಎರಡನ್ನು ಮನಸ್ಸಿನಲ್ಲೇ ಗಟ್ಟಿಯಾಗಿ ಹಿಡಿದುಕೊಂಡ. ಪದ್ದು ಈಗ ಊಟಕ್ಕೆ ಕೂತಿರಬಹುದು. ಬ್ಯಾಗಿಗೆ ಬೀಗ ಹಾಕುತ್ತಿರಬಹುದು. ಹಾಕುವಾಗ ಒಂದು ಸಲವಾದರೂ ಕೋಡಿಯ ಮನೆ ನೆನಪಾಗಿರಬಹುದೇ?

ಪೊಲೀಸರ ಮುಂದೆ ಡ್ರೈವರಿಕೆಯ ಮರ್ಯಾದೆ ಹೋದ ಬೇಸರಕ್ಕೆ ಕೃಷ್ಣಯ್ಯ ಮಾತು ಬಿಟ್ಟರು. ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಒರಗಿ, ಬಿಸಿಲು ಬೀಳುತ್ತದೆಂದು ಹೆಗಲ ಮೇಲಿನ ಬಿಳಿ ಬೈರಾಸನ್ನು ಮುಖದ ಮೇಲೆ ಎಳೆದುಕೊಂಡು ನಿದ್ದೆ ಹೋದರು. ಲೀಲಾಧರ ಪೊಲೀಸರ ಭಯಕ್ಕೆ ಕಾರನ್ನು ನಿಧಾನವಾಗಿ ಬಿಟ್ಟ. ಮರವಂತೆಯಲ್ಲಿ ಒಂದು ಕಡೆ ಕಡಲು, ಒಂದು ಕಡೆ ಹೊಳೆ. ಮದುವೆಯಾದ ಹೊಸತರಲ್ಲಿ ಪದ್ದು ಇಲ್ಲಿ ಬೈಕು ನಿಲ್ಲಿಸಲು ಹೇಳಿ, ಯಾವ ಕಡೆ ನೋಡುವುದೆಂದು ತಿಳಿಯದೆ ನಕ್ಕಿದ್ದಳು. ಲೀಲಾಧರ ತೋಳಿನಿಂದ ಕಣ್ಣು ಒರೆಸಿಕೊಂಡ, ಅದು ಮತ್ತೆ ತುಂಬಿತು.

ಅವನು ಗಮನಿಸದೇ ಇದ್ದದ್ದು ಹಿಂದೆ ಏನಾಗುತ್ತಿದೆ ಎಂಬುದನ್ನು. ಆಸ್ಪತ್ರೆಯಿಂದ ತೀರಿಹೋದವರನ್ನು ಮನೆಗೆ ತರುವ ಗಾಡಿ ನಮ್ಮ ಕಡೆ ಹಗಲಲ್ಲೂ ಲೈಟು ಹಾಕಿಕೊಂಡು, ನಿಧಾನಕ್ಕೆ ಬರುತ್ತದೆ. ಮುಂದಿನ ಸೀಟು ಖಾಲಿ, ಹಿಂದೆ ಬಿಳಿ ಬಟ್ಟೆ ಮುಚ್ಚಿ ಮಲಗಿದ ಮುದುಕ, ಕಣ್ಣಲ್ಲಿ ನೀರು ತುಂಬಿಕೊಂಡ ಚಾಲಕ. ಇನ್ನೇನು ಬೇಕು? ಹಿಂದಿನಿಂದ ಬಂದ ವಾಹನಗಳು ಓವರ್‌ಟೇಕ್ ಮಾಡುವುದು ಬಿಟ್ಟು, ತಾವೂ ಲೈಟು ಹಾಕಿ ಸಾಲಾಗಿ ಹಿಂಬಾಲಿಸಿದವು. ನಾವುಂದ ಪೇಟೆಗೆ ಬರುವಾಗ ಹದಿನಾಲ್ಕು ಗಾಡಿಗಳಾಗಿದ್ದವು. ಅಂಗಡಿಯವರು ಶಟರನ್ನು ಅರ್ಧ ಇಳಿಸಿದರು. ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದವರು ಎದ್ದು ನಿಂತರು. ಯಾರೂ ಬೆರಳು ಮುಚ್ಚಿ ತೆರೆಯಲಿಲ್ಲ. ನಾವುಂದದವರಿಗೆ ಮಾತ್ರ ಮರ್ಯಾದೆ ಗೊತ್ತು ಎಂದುಕೊಂಡ ಲೀಲಾಧರ.

ಸುಜನ್‌ನ ಗ್ಯಾರೇಜಿನ ಮುಂದೆ ಕಾರು ನಿಂತ ಕೂಡಲೇ ಜನ ಸುತ್ತುಗಟ್ಟಿದರು. ಒಬ್ಬರು ಗಾಜಿನೊಳಗೆ ಇಣುಕಿದರು.

"ಅಯ್ಯೋ, ಇದ್ ಕೃಷ್ಣಯ್ಯ ಡ್ರೈವರ್ ಅಲ್ದಾ! ಯಾವ್ ಹೊತ್ತಿಗ್ ಹೋದ್ರ್?"

"ಮೊನ್ನೆ ಕುಂದಾಪ್ರದಂಗೆ ಕಂಡಿದ್ದೆ, ಗಟ್ಟಿ ಇದ್ದಿದ್ರಲೆ."

"ಮನ್ಷ್ಯ ಒಳ್ಳೇವ್ರ್. ಆರೆ ಒಂದ್ ದಿನ ಆದ್ರೂ ನಮ್ ಸ್ಟಾಪಲ್ಲಿ ಬಸ್ ನಿಲ್ಸಿದ್ದ್ ಇಲ್ಲೆ. ಅರ್ಧ ಮೈಲ್ ಆಚಿಗ್ ಹೋಯ್ ನಿಲ್ಸುದ್."

"ಬ್ರೇಕ್ ಹಾಕುಕ್ ಬತ್ತಿರ್ಲಿಲ್ಲೆ ಅಂಬ್ರ್. ಪಾಪ, ಹೋದವ್ರ ಬಗ್ಗೆ ಎಂತಕ್ ಈಗ?"

ಬೈರಾಸು ಹಾರಿತು. "ಯಾರಾ ಅದ್, ಬ್ರೇಕ್ ಹಾಕುಕ್ ಬತ್ತಿಲ್ಲೆ ಅಂದದ್ದ್?" ಎಂದು ಕೃಷ್ಣಯ್ಯ ಎದ್ದು ಕೂತರು.

ಇಣುಕುತ್ತಿದ್ದವರು ಹಿಂದಕ್ಕೆ ಹಾರಿದ ರಭಸಕ್ಕೆ ಮೀನಿನ ಬುಟ್ಟಿ ಹೊತ್ತಿದ್ದ ಹೆಂಗಸು ಬಿದ್ದಳು, ಬಂಗ್ಡೆಗಳು ರಸ್ತೆಗೆಲ್ಲ ಚೆಲ್ಲಿದವು. ಇಬ್ಬರು ಓಡಿದರು. ಸುದ್ದಿ ಆಗಲೇ ಕೃಷ್ಣಯ್ಯನವರ ತಂಗಿಯ ಮಗಳಿಗೆ ಮುಟ್ಟಿತ್ತು. ಅವಳು ತಲೆಗೂದಲು ಕೆದರಿಕೊಂಡು, ಅಳುತ್ತಾ ಓಡಿಬಂದು, ಮಾವ ರಸ್ತೆಯ ನಡುವೆ ನಿಂತು ಮೂರು ಜನರ ಜತೆ ಜಗಳ ಮಾಡುತ್ತಿರುವುದನ್ನು ಕಂಡು ಮತ್ತೂ ಜೋರಾಗಿ ಅತ್ತಳು. ಅವಳಿಗೆ ಸೋಡಾ ಕುಡಿಸಬೇಕಾಯಿತು. ಮೀನು ಹೆಕ್ಕಿಕೊಡಬೇಕಾಯಿತು. ಹಿಂದಿನ ಹದಿನಾಲ್ಕು ಗಾಡಿಯವರಿಗೆ ಒಬ್ಬೊಬ್ಬರಿಗೇ ಡಿ.ಆರ್.ಎಲ್. ವಿವರಿಸಬೇಕಾಯಿತು. ಒಬ್ಬ ಮಾತ್ರ ಒಪ್ಪಲೇ ಇಲ್ಲ. "ಯಾರೂ ಸಾಯದಿದ್ರೆ ಲೈಟ್ ಎಂತಕ್ ಹಾಕ್ಕ್?" ಎಂದು ಕೇಳುತ್ತಲೇ ಇದ್ದ.

ಲೀಲಾಧರ ಗಡಿಯಾರ ನೋಡಿದ. ಎರಡಕ್ಕೆ ಹತ್ತು ನಿಮಿಷ.

"ಸುಜನ್, ನಿನ್ಗೆ ಕೈ ಮುಗಿತೆ. ಇದನ್ ಆಫ್ ಮಾಡ್. ಇನ್ನೊಂದ್ ಸರ್ತಿ ಯಾರಾದ್ರೂ ನಿಲ್ಸಿದ್ರೆ ನಂಗ್ ಹೆಂಡ್ತಿ ಸಿಕ್ಕುದಿಲ್ಲೆ."

ಸುಜನ್ ಬಾನೆಟ್ಟು ತೆಗೆದು ನೋಡಿದ, ಮುಚ್ಚಿದ. "ವಯರ್ ಕಟ್ ಮಾಡ್ರೆ ಇದ್ರ ಕಂಪ್ಯೂಟರ್ ಹಾಳಾತ್ತ್ ಮಾರ್ರೆ. ಇದ್ ಬಂಗ್ಡಿ ಮೀನಿನ ಕಣ್ಣ್ ಇದ್ದಾಂಗೆ, ರೆಪ್ಪಿಯೇ ಇಲ್ಲೆ. ನಾವೇ ಮುಚ್ಕ್" ಎಂದು 'ರೆಪ್ಪೆ' ತಯಾರಿಸಿದ. ಅಂದರೆ ಎರಡೂ ದೀಪಗಳ ಮೇಲೆ ಕಪ್ಪು ಟೇಪನ್ನು ಐದು ಸುತ್ತು ಅಂಟಿಸಿ, ಸಂದಿನಲ್ಲಿ ಬೆಳಕು ಸೋರದಂತೆ ಗ್ರೀಸು ಮೆತ್ತಿದ. ಕೃಷ್ಣಯ್ಯ ತಂಗಿಯ ಮಗಳ ಮನೆಗೆ ಹೋದರು. ಹೋಗುವಾಗ, ತಾವು ಸತ್ತ ಸುದ್ದಿ ಹಬ್ಬಿಸಿದವನು ಎಂದು ಲೀಲಾಧರನ ಕಡೆ ತಿರುಗಿಯೂ ನೋಡಲಿಲ್ಲ.

ಎರಡು ಗಂಟೆ ಹತ್ತು ನಿಮಿಷಕ್ಕೆ ಲೀಲಾಧರ ಒಬ್ಬನೇ ಹೊರಟ. ಎಂಥ ಸುಖ! ಯಾರೂ ಕೈ ಎತ್ತಲಿಲ್ಲ, ಯಾರೂ ಸಲಾಮು ಹೊಡೆಯಲಿಲ್ಲ, ಯಾರೂ ಎದ್ದು ನಿಲ್ಲಲಿಲ್ಲ. ಹೆದ್ದಾರಿಯ ನೂರು ಬಿಳಿ ಕಾರುಗಳಲ್ಲಿ ಅವನದೂ ಒಂದು. ಕಿರಿಮಂಜೇಶ್ವರ ಹೋಯಿತು, ಉಪ್ಪುಂದ ಹೋಯಿತು. ಪದ್ದುವಿಗೆ ಮೊದಲು ಏನು ಹೇಳುವುದೆಂದು ಅವನು ಗಟ್ಟಿಯಾಗಿಯೇ ಅಭ್ಯಾಸ ಮಾಡಿದ. "ಪದ್ದು, ಕಾರ್ ತಂದಿದೆ, ಹತ್ತ್." ಬೇಡ, ಅದು ಕಂಡಕ್ಟರ್ ಹೇಳಿದಂತಾಯಿತು. "ಪದ್ದು, ನೀ ಇಲ್ದಿರೆ ಆತಿಲ್ಲೆ ನಂಗೆ." ಖಾಲಿ ಸೀಟಿನ ಕಡೆ ತಿರುಗಿ ಇದನ್ನು ಹೇಳಿದಾಗ ಅವನ ಕಿವಿ ಕೆಂಪಾಯಿತು. ಆದರೆ ಮಾತು ಸರಿಯಾಗಿತ್ತು, ಅದನ್ನೇ ಹೇಳುವುದೆಂದು ನಿರ್ಧರಿಸಿದ.

ಯಡ್ತರೆಯ ತಿರುವಿನಲ್ಲಿ ಹೆಂಗಸೊಬ್ಬಳು ದೊಡ್ಡ ಕಪ್ಪು ಕೊಡೆ ಹಿಡಿದು ರಸ್ತೆಗೇ ಇಳಿದು ನಿಂತಿದ್ದಳು. ಬಿಸಿಲಿಗೆ ಕೊಡೆಯನ್ನು ಮುಖದವರೆಗೆ ಬಾಗಿಸಿಕೊಂಡು, ಬರುವ ಗಾಡಿಗಳನ್ನು ಅದರ ಅಂಚಿನಡಿಯಿಂದ ಒಂದೊಂದಾಗಿ ನೋಡುತ್ತಿದ್ದಳು. ಇನ್ನು ಇವಳು ಎಂತ ತೋರಿಸುತ್ತಾಳೋ ಎಂದು ಲೀಲಾಧರನಿಗೆ ರೇಗಿತು. ಉದ್ದಕ್ಕೆ ಹಾರ್ನ್ ಹೊಡೆದು, ವೇಗ ತಗ್ಗಿಸದೆ ತಿರುವು ತೆಗೆದ. ಮೊನ್ನೆಯ ಮಳೆಯ ನೀರು ಹೊಂಡದಲ್ಲಿ ನಿಂತಿತ್ತು. ಎಡಗಾಲಿ ಅದರಲ್ಲಿ ಇಳಿದು ಎದ್ದಿತು. ಹಿಂದಿನಿಂದ ಯಾರೋ ಏನೋ ಕೂಗಿದ್ದು ಕೇಳಿಸಿತು. ಲೀಲಾಧರ ನಿಲ್ಲಿಸಲಿಲ್ಲ. ಎರಡೂವರೆ ಆಗಿತ್ತು.

ಒಳದಾರಿಯಲ್ಲಿ ದನ ಅಡ್ಡ ಬಂದು, ಗೂಡ್ಸ್ ಆಟೋ ಅಡ್ಡ ಬಂದು, ಪದ್ದುವಿನ ಮನೆಯಂಗಳ ಮುಟ್ಟುವಾಗ ಇನ್ನೂ ಹತ್ತು ನಿಮಿಷ ಕಳೆದಿತ್ತು. ಅತ್ತೆ ಅಮ್ಮಣಿ ಒಣಮೀನು ತಿರುವಿ ಹಾಕುತ್ತಿದ್ದವರು ಎದ್ದು ನಿಂತು, ಸೆರಗಿಗೆ ಕೈ ಒರೆಸಿಕೊಂಡು, ಕಾರಿನೊಳಗೆ ಬಗ್ಗಿ ನೋಡಿದರು.

"ಬಂದ್ರ್ಯಾ ಅಳಿಯಂದಿರೆ! ಪದ್ದು ಎಲ್ಲಿ?"

"ಪದ್ದು ಎಲ್ಲಿ ಅಂದೇಳಿ ನಾನಲ್ದಾ ಅತ್ತೆ ಕೇಣ್ಕ್?"

"ಅಯ್ಯೋ, ತಿರುವಲ್ಲಿ ಸಿಕ್ಲಿಲ್ಯಾ ನಿಮ್ಗೆ? ಒಂದ್ ಗಂಟಿಯಿಂದ ಅಲ್ಲೇ ನಿಂತ್ಕಂಡಿತ್ತಲೆ. ಬೆಳಿಗ್ಗೆ ವಿನಯಾ ಫೋನ್ ಮಾಡ್ತ್. ಲೀಲಣ್ಣ ಕಾರ್ ತಕಂಡ್ ಹೊರಟಿದ್ರ್, ಬಿಳಿ ಕಾರ್, ಹಗಲಿಗೇ ಲೈಟ್ ಉರಿತಾ ಇರತ್ತ್, ಅಂಥ ಕಾರ್ ಇಡೀ ತಾಲೂಕಂಗೆ ಇನ್ನೊಂದಿಲ್ಲೆ ಅಂದೇಳಿ. ಆವಾಗಿಂದ ಇದ್ರ ಕಾಲ್ ನೆಲದಂಗ್ ನಿಂತ್ರೆ ಕೇಣಿ! ಊಟಾನೂ ಮಾಡ್ಲಿಲ್ಲೆ. ಹೊಸ ಸೀರಿ ಉಟ್ಟ್, ಬ್ಯಾಗ್ ತಕಂಡ್ ಹೋಯ್ತ್. 'ಅವ್ರ್ ಇಲ್ಲಿವರಿಗ್ ಬಂದ್ರೆ ಅಣ್ಣ ಬೈತ, ಅವ್ರಿಗ್ ಬೇಜಾರಾತ್ತ್. ನಾನ್ ತಿರುವಲ್ಲೇ ಹತ್ತಿ ಕೋಡಿಗ್ ಹೋತೆ. ಬರ್ದಿದ್ರೆ ಅಣ್ಣನ ಜತಿ ಮುಂಬೈಗ್ ಹೋತೆ' ಅಂತ್. ರತನ್ ಪ್ಯಾಟಿಯಿಂದ ಆಟೋ ತಕಂಡ್ ಅಲ್ಲಿಗೇ ಬತ್ತ."

ಲೀಲಾಧರ ಅಂಗಳದಲ್ಲಿ ನಿಂತಲ್ಲೇ ನಿಂತ. ಊಟ ಮಾಡಿರಲಿಲ್ಲವಂತೆ. ಅವನಿಗೆ ಬೇಜಾರಾಗಬಾರದೆಂದು ತಿರುವಿಗೇ ಹೋಗಿದ್ದಳಂತೆ. ನಾಲ್ಕು ತಿಂಗಳು ಅವನು ಯಾವ ಮಾತಿಗೆ ಹಸಿದಿದ್ದನೋ ಆ ಮಾತು ಅತ್ತೆಯ ಬಾಯಿಂದ ಬಂದಿತ್ತು, ಮತ್ತು ಪದ್ದು ಕೊಡೆಯಡಿಯಲ್ಲಿ ನಿಂತು ದೀಪವಿಲ್ಲದ ಕಾರುಗಳನ್ನೆಲ್ಲ ಹೋಗಲು ಬಿಟ್ಟಿದ್ದಳು.

ಅವನು ಓಡಿ ಹೋಗಿ ದೀಪದ ಮೇಲಿನ ಟೇಪನ್ನು ಉಗುರಿನಿಂದ ಕಿತ್ತ. ಒಂದು ಕಡೆಯದ್ದು ಬಂತು, ಇನ್ನೊಂದು ಕಡೆಯದ್ದು ಗ್ರೀಸಿಗೆ ಜಾರಿ ಬರಲಿಲ್ಲ. ಒಂದೇ ಕಣ್ಣಿನ ಕಾರನ್ನು ತಿರುವಿಗೆ ಓಡಿಸಿದ. ಅಲ್ಲಿ ಕೊಡೆಯೂ ಇಲ್ಲ, ಪದ್ದುವೂ ಇಲ್ಲ. ಹೊಂಡದ ನೀರು ಕಲಕಿ ಕೆಂಪಾಗಿತ್ತು. ಅವಳಿಗೆ ಫೋನು ಮಾಡಿದ, ಬ್ಯುಸಿ. ಇನ್ನೊಮ್ಮೆ ಮಾಡಿದ, ಬ್ಯುಸಿ. ರೈಲ್ವೆ ಸ್ಟೇಷನ್ನಿಗೆ ತಿರುಗಿಸಿದ. ವರ್ಷದಲ್ಲಿ ಮುನ್ನೂರು ದಿನ ತಡವಾಗಿ ಬರುವ ಆ ರೈಲು ಅಂದು ಸರಿಯಾದ ಹೊತ್ತಿಗೆ ಬಂದಿತ್ತು. ಲೀಲಾಧರ ಪ್ಲಾಟ್‌ಫಾರ್ಮಿಗೆ ಕಾಲಿಡುವಾಗ ಕೊನೆಯ ಬೋಗಿ ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ಇರಲಿಲ್ಲ.

ಅವನು ಬಂದು ಕಾರಿಗೆ ಒರಗಿ ನಿಂತ. ಆಗ ಫೋನು ರಿಂಗಾಯಿತು. ಹೆಸರು ನೋಡಿದ. ಪದ್ದು.

"ಹಲೋ" ಎಂದ. ನಾಲ್ಕು ತಿಂಗಳ ಮೇಲೆ ಅವಳ ಉಸಿರಿನ ಶಬ್ದ ಕಿವಿಯಲ್ಲಿ ಕೇಳಿಸುತ್ತಿತ್ತು.

"ನೀವ್ ಹೊರಟದ್ದ್ ಹೌದಾ?" ಎಂದಳು ಪದ್ದು. "ನಾನ್ ವಿನಯಾಗ್ ಇಷ್ಟೊತ್ತ್ ಬೈದೆ, ಸುಳ್ಳ್ ಹೇಳಿ ನನ್ ರಸ್ತಿಯಂಗ್ ನಿಲ್ಸಿತ್ತ್ ಅಂದೇಳಿ. ಅದ್ ದೇವ್ರಾಣಿ ಹಾಕ್ತ್, ನೀವ್ ಹೊರಟದ್ದ್ ಕಣ್ಣಾರೆ ಕಂಡಿದೆ ಅಂತ್."

"ಹೌದ್ ಪದ್ದು. ಹೊರಟಿದ್ದೆ."

"ದಾರಿಯಂಗ್ ಕೆಟ್ಟ್ ನಿಂತ್ಕಂತಾ?"

ಬಂದಿದ್ದೆ ಎಂದು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳೇ ಮುಂದುವರಿಸಿದಳು.

"ಒಂದೂವರಿ ಗಂಟಿ ನಿಂತೆ ಕಾಣಿ. ಲೈಟ್ ಹಾಯ್ಕಂಡ್ ಬಪ್ಪು ಕಾರ್ ಒಂದೂ ಬರ್ಲಿಲ್ಲೆ. ಅದ್ರ ಮೇಲೆ ಯಾವನೋ ಒಬ್ಬ ಕುರುಡ, ಬಿಳಿ ಕಾರ್, ಕಿವಿ ಹೊಟ್ಟುವಾಂಗೆ ಹಾರ್ನ್ ಹೊಡ್ದ್, ಹೊಂಡದ ನೀರ್ ಪೂರಾ ನನ್ ಮೈ ಮೇಲ್ ಹಾರ್ಸಿ ಹೋದ. ಹೊಸ ಸೀರಿ. ರೈಲಂಗೆ ಎಲ್ಲ ನನ್ನೇ ಕಾಂತ್ರ್. ಅವನ ಕೈ ಮುರ್ದ್ ಹೋಯ್ಲಿ."

ಲೀಲಾಧರ ತನ್ನ ಕಾರಿನ ಎಡ ಬದಿಯನ್ನು ನೋಡಿದ. ಬಾಗಿಲಿನವರೆಗೂ ಕೆಂಪು ಕೆಸರು ಹಾರಿತ್ತು.

"ನೀವ್ ಮಾತಾಡ್ತಿಲ್ಯಾ? ಕೆಟ್ಟ್ ನಿಂತದ್ದ್ ಹೌದಾ?"

"ಹ್ಞೂಂ" ಎಂದ ಲೀಲಾಧರ.

"ಅಡ್ಡಿಲ್ಲೆ ಬಿಡಿ." ಪದ್ದುವಿನ ದನಿ ಮೆತ್ತಗಾಗಿತ್ತು. "ಕಾರ್ ಕೆಟ್ರೆ ನೀವ್ ಎಂತ ಮಾಡುದ್. ಹೊರಟ್ರಲೆ, ಅಷ್ಟ್ ಸಾಕ್ ನಂಗೆ. ಊಟ ಆಯ್ತಾ ನಿಮ್ದ್?"

 ಊಟ ಆಯ್ತಾ ಎಂದು ಕೇಳುವವರಿಲ್ಲದೆ ಅವನು ನಾಲ್ಕು ತಿಂಗಳು ಉಂಡಿದ್ದ.

"ನಾನ್ ಬತ್ತೆ ಹ್ವಾಯ್" ಎಂದಳು ಪದ್ದು. "ಆರೆ ಒಂದ್ ಕೆಲ್ಸ ಮಾಡ್ಕ್ ನೀವ್. ಆ ಕೆಸರ್ ಹಾರ್ಸಿದವನ ಕಾರಿನ ನಂಬ್ರ ನಾನ್ ಬರ್ಕಂಡಿದೆ. ಅವ ಯಾರಂದೇಳಿ ಹುಡ್ಕಿ. ಹುಡ್ಕಿ, ನನ್ನೆದ್ರ್ ತಂದ್ ನಿಲ್ಸಿ, ಆ ಕುರುಡ ತಪ್ಪಾಯ್ತ್ ಅನ್ಕ್. ಅವ ಸಿಕ್ಕಿದ ಅಂದೇಳಿ ನೀವ್ ಫೋನ್ ಮಾಡಿ, ಮರುದಿನವೇ ರೈಲ್ ಹತ್ತಿ ಬತ್ತೆ. ಅಲ್ಲಿವರಿಗ್ ಬಪ್ಪುದಿಲ್ಲೆ. ಬರ್ಕಣಿ."

"ಹೇಳ್" ಎಂದ ಲೀಲಾಧರ.

"ಕಡೀ ನಾಲ್ಕ್ ನಂಬ್ರ ಮಾತ್ರ ಕಂಡಿದೆ. ಏಳ್, ಸೊನ್ನಿ, ಮೂರ್, ಆರ್."

ಅವನು ಕಾರಿನ ಹಿಂದೆ ಹೋಗಿ ನಿಂತ. ಏಳು, ಸೊನ್ನೆ, ಮೂರು, ಆರು. ಸಂಜೆಯೊಳಗೆ ಅತ್ತೆ ಅಮ್ಮಣಿ ಮಗಳಿಗೆ ಫೋನು ಮಾಡಿಯೇ ಮಾಡುತ್ತಾರೆ, ಅಳಿಯ ದೀಪ ಮುಚ್ಚಿದ ಬಿಳಿ ಕಾರಿನಲ್ಲಿ ಬಂದು ಹೋದದ್ದನ್ನು ಹೇಳಿಯೇ ಹೇಳುತ್ತಾರೆ. ಸಂಜೆಗೆ ಇನ್ನೂ ಎರಡು ಮೂರು ಗಂಟೆಯಿತ್ತು.

"ಬರ್ಕಂಡ್ರ್ಯಾ?" ಎಂದಳು ಪದ್ದು.

ನಂಬರ್ ಪ್ಲೇಟಿನ ಎದುರೇ ನಿಂತಿದ್ದ ಲೀಲಾಧರ ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದು ಹೇಳಿದ:

"ಸಮಾ ಕೇಣ್ತಿಲ್ಲೆ ಪದ್ದು. ಇನ್ನೊಂದ್ ಸರ್ತಿ ಹೇಳ್. ನಿಧಾನಕ್ಕೆ ಹೇಳ್."